ಗಾಜಿಗೆ ಮಬ್ಬು ಕವಿಯುವುದೇಕೆ?

ಮಕ್ಕಳೇ, ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ದಾವಣಗೆರೆಯಿಂದ ಹದಡಿಗೆ ಬೈಕಿನಲ್ಲಿ ಬರುತ್ತಿದ್ದೆ. ಚಳಿ ತಾಳಲಾರದೆ ಹೆಲ್ಮೆಟ್ಟಿನ ಗಾಜನ್ನು ಪೂರ್ತಿ ಇಳಿಸಿಕೊಂಡೆ. ನಾಲ್ಕು ಉಸಿರು ಬಿಡುವಷ್ಟರಲ್ಲಿ ಎದುರಿಗೆಲ್ಲ ಬಿಳಿ ಪರದೆ! ಗಾಬರಿಯಿಂದ ಗಾಜು ಮೇಲೆತ್ತಿದರೆ ಹತ್ತೇ ಮಾರು ದೂರದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್. ಅದಕ್ಕೆ ಹಿಂದಿನ ದೀಪವೂ ಇರಲಿಲ್ಲ. ಬ್ರೇಕ್ ಹಿಡಿದು ಹೇಗೋ ನಿಂತೆ.

ಗಾಜಿನ ಮೇಲೆ ಕುಳಿತದ್ದು ಹೊರಗಿನ ಮಂಜಲ್ಲ, ನನ್ನದೇ ಉಸಿರು. ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿ ಇಟ್ಟುಕೊಳ್ಳಬಲ್ಲದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಇರಬಹುದು. 10 ಡಿಗ್ರಿಯಲ್ಲಿ ಸುಮಾರು 9 ಗ್ರಾಂ, 0 ಡಿಗ್ರಿಯಲ್ಲಿ ಸುಮಾರು 5 ಗ್ರಾಂ ಮಾತ್ರ. ಬೆಚ್ಚನೆಯ ಉಸಿರು ತಣ್ಣನೆಯ ಗಾಜಿಗೆ ತಾಗಿದಾಗ ಹೆಚ್ಚಾದ ಆವಿ ಸಣ್ಣ ಸಣ್ಣ ಹನಿಗಳಾಗುತ್ತದೆ. ಇದೇ ಸಾಂದ್ರೀಕರಣ. ಆ ಹನಿಗಳು ಬೆಳಕನ್ನು ದಿಕ್ಕುದಿಕ್ಕಿಗೆ ಚದುರಿಸುವುದರಿಂದ ದಾರಿ ಕಾಣುವುದಿಲ್ಲ. ಬಿಸಿಯೂಟದ ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಕನ್ನಡಕ ಹಾಕಿಕೊಂಡವರಿಗೂ ಹೀಗೆಯೇ ಆಗುತ್ತದಲ್ಲವೇ?

ನಮ್ಮ 10–15 ಡಿಗ್ರಿ ಚಳಿಗೇ ಹೀಗಾದರೆ ಸಿಯಾಚಿನ್‌ನಲ್ಲಿ? ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಹಿಮದಡಿ ಸಿಲುಕಿದ್ದು ಅಲ್ಲಿಯೇ. ಚಳಿಗಾಲದಲ್ಲಿ ಅಲ್ಲಿ ಉಷ್ಣತೆ ಸೊನ್ನೆಗಿಂತ 50 ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಹಿಮದ ಮೇಲೆ ಓಡುವ ಸ್ನೋ ಸ್ಕೂಟರ್‌ಗಳನ್ನು ಸೈನಿಕರು ಅಲ್ಲಿ ಬಳಸುತ್ತಾರೆ. ಗಾಗಲ್ಸ್ ಮಬ್ಬಾಯಿತೆಂದು ತೆಗೆದಿಡುವ ಹಾಗಿಲ್ಲ. ಹೊಸ ಹಿಮ ಸೂರ್ಯನ ನೇರಳಾತೀತ ಕಿರಣಗಳ ಬಹುಪಾಲನ್ನು ಪ್ರತಿಫಲಿಸುತ್ತದೆ. ಬರಿಗಣ್ಣು ಕೆಲವೇ ಗಂಟೆಗಳಲ್ಲಿ ಉರಿದು, ತಾತ್ಕಾಲಿಕವಾಗಿ ಕುರುಡಾಗಬಹುದು.

ಹಾಗಾದರೆ ಎಂಥ ಗಾಗಲ್ಸ್ ಆರಿಸಬೇಕು? ಮೊದಲು ನೋಡಬೇಕಾದದ್ದು ಎರಡು ಪದರದ ಗಾಜು. ನಡುವೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಹೊರಗಿನ ಪದರ ಕೊರೆಯುತ್ತಿದ್ದರೂ ಒಳಗಿನದು ಅಷ್ಟು ತಣ್ಣಗಾಗದು. ತಣ್ಣೀರು ತುಂಬಿದ ಸಾಧಾರಣ ಬಾಟಲಿಯ ಹೊರಮೈ ಒದ್ದೆಯಾಗುತ್ತದೆ, ಎರಡು ಗೋಡೆಯ ಫ್ಲಾಸ್ಕಿನದು ಆಗುವುದಿಲ್ಲ. ಗಮನಿಸಿದ್ದೀರಾ?

ಮೇಲೆ, ಕೆಳಗೆ ಗಾಳಿಕಿಂಡಿಗಳೂ ಬೇಕು. ಸ್ಕೂಟರ್ ಓಡುವಾಗ ಒಣಗಾಳಿ ಒಳನುಗ್ಗಿ ತೇವವನ್ನು ಹೊತ್ತೊಯ್ಯುತ್ತದೆ. ನಿಂತೊಡನೆ ಆ ಗಾಳಿಯೂ ನಿಲ್ಲುತ್ತದೆ, ಮಬ್ಬು ಬರುವುದು ಹೆಚ್ಚಾಗಿ ಆಗಲೇ. ಬೆವರುವ ಹಣೆಯ ಮೇಲೆ ಗಾಗಲ್ಸ್ ಏರಿಸಿಕೊಂಡರಂತೂ ಮುಗಿಯಿತು.

ಮೂರನೆಯದು ಒಳಮೈಯ ಲೇಪ. ಅದರ ಕೆಲಸ ತಿಳಿಯಲು ಒಂದು ಪ್ರಯೋಗ ಮಾಡಿ. ಕನ್ನಡಿಯ ಅರ್ಧಭಾಗಕ್ಕೆ ಸೋಪನ್ನು ತೆಳುವಾಗಿ ಸವರಿ, ಹೊಳೆಯುವವರೆಗೆ ಒಣಬಟ್ಟೆಯಿಂದ ಉಜ್ಜಿ. ಈಗ ಹತ್ತಿರದಿಂದ ‘ಹಾ’ ಎಂದು ಉಸಿರು ಬಿಡಿ. ಒಂದು ಅರ್ಧ ಮಬ್ಬಾಗುತ್ತದೆ, ಇನ್ನೊಂದರಲ್ಲಿ ನಿಮ್ಮ ಮುಖ ಕಾಣುತ್ತದೆ. ಸೋಪು ನೀರಿನ ಮೇಲ್ಮೈ ಎಳೆತವನ್ನು ಕಡಿಮೆ ಮಾಡುವುದರಿಂದ ನೀರು ಹನಿಗಟ್ಟದೆ ತೆಳುಪೊರೆಯಾಗಿ ಹರಡಿಕೊಳ್ಳುತ್ತದೆ. ಪೊರೆಯ ಮೂಲಕ ಬೆಳಕು ನೇರವಾಗಿ ಬರುತ್ತದೆ. ಗಾಗಲ್ಸಿನ ಲೇಪವೂ ನೀರನ್ನು ಹೀಗೆಯೇ ಹರಡುತ್ತದೆ. ಉಜ್ಜಿದರೆ ಲೇಪ ಕಿತ್ತುಹೋಗುತ್ತದೆ, ಆದ್ದರಿಂದ ಒಳಮೈಯನ್ನು ಒರೆಸಬಾರದು. (ಪ್ರಯೋಗ ಕನ್ನಡಿಯ ಮೇಲೆ ಮಾತ್ರ, ಅಪ್ಪನ ಕನ್ನಡಕದ ಮೇಲೆ ಬೇಡ!)

ನಾನೀಗ ಚಳಿಯಾದರೂ ಹೆಲ್ಮೆಟ್ಟಿನ ಗಾಜನ್ನು ಒಂದು ಬೆರಳಿನಷ್ಟು ತೆರೆದೇ ಇಡುತ್ತೇನೆ.

ಯೋಚಿಸಿ: ಮಳೆಗಾಲದಲ್ಲಿ ತುಂಬಿದ ಬಸ್ಸಿನ ಕಿಟಕಿಗಾಜು ಒಳಗಡೆ ಮಬ್ಬಾಗುತ್ತದೆ. ಎಸಿ ಬಸ್ಸಿನದು ಕೆಲವೊಮ್ಮೆ ಹೊರಗಡೆ ಮಬ್ಬಾಗುತ್ತದೆ. ಏಕೆ?