ಚಿಕ್ಕ ಮಕ್ಕಳ ಸಂಗಡ ಓದುವ ವಿದ್ಯಾರ್ಥಿಗಳು

ಕಾಲೇಜಿನಲ್ಲಿ ಕಲಿಯುವ ತರುಣರು ಚಿಕ್ಕ ಮಕ್ಕಳಲ್ಲಿ ಓದುವ ಆಶೆಯನ್ನು ಹುಟ್ಟಿಸಬಹುದೋ? ಹುಟ್ಟಿಸಬಹುದಾದರೆ ಯಾವ ರೀತಿಯಿಂದ? ಇದನ್ನು ಈ ಸಾರಿಯ ಪಾಠದಲ್ಲಿ ವಿಚಾರಿಸುವ. ಅಮೇರಿಕಾ ದೇಶದವರು ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದರಿಂದ ಮೊದಲು ಅಲ್ಲಿಯ ಸಂಗತಿಯನ್ನು ಹೇಳುತ್ತೇವೆ.

ಬಡ ವಿದ್ಯಾರ್ಥಿಗಳು ಕೆಲಸ ಮಾಡಿ ಕಾಲೇಜಿನ ವೆಚ್ಚವನ್ನು ಸಾಗಿಸಿಕೊಳ್ಳುವ ಹಾಗೆ ಅಲ್ಲಿಯ ಸರಕಾರವು ೧೯೬೪ರಲ್ಲಿ ಒಂದು ಏರ್ಪಾಡು ಮಾಡಿತು. ೧೯೯೬ರಲ್ಲಿ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನರು, ಮೂರನೇ ತರಗತಿ ಮುಗಿಯುವದರೊಳಗೆ ಪ್ರತಿಯೊಂದು ಮಗುವು ತಾನಾಗಿಯೇ ಚೆನ್ನಾಗಿ ಓದುವಂತಾಗಬೇಕೆಂಬ ಗುರಿಯನ್ನು ದೇಶದ ಮುಂದಿಟ್ಟರು. ಮೂರನೇ ತರಗತಿಯೇ ಯಾಕೆ? ಅಲ್ಲಿಯ ವರೆಗೆ ಮಗುವು ಓದುವದನ್ನು ಕಲಿಯುತ್ತದೆ. ಆ ಮೇಲೆ ಚರಿತ್ರೆ, ಭೂಗೋಲ ಮುಂತಾದವುಗಳನ್ನೆಲ್ಲಾ ಓದಿಯೇ ಕಲಿಯಬೇಕಾಗುತ್ತದೆ. ಆಗ ಹಿಂದೆ ಬಿದ್ದ ಮಗುವು ವರುಷ ವರುಷವೂ ಇನ್ನೂ ಹಿಂದೆ ಬೀಳುವದು. ಕಡೆಗೆ ಶಾಲೆಯನ್ನೇ ಬಿಡುವದೂ ಉಂಟು. ಇದು ನಮ್ಮ ಹಳ್ಳಿಗಳಲ್ಲಿ ಕಾಣದ ಸಂಗತಿಯೇನೂ ಅಲ್ಲ.

ಆ ವಿದ್ಯಾರ್ಥಿಗಳ ಸಂಬಳದಲ್ಲಿ ಒಂದು ಪಾಲನ್ನು ಕೆಲಸ ಕೊಟ್ಟವರೇ ಕೊಡುವದು ಕ್ರಮ. ಚಿಕ್ಕ ಮಕ್ಕಳಿಗೆ ಓದು ಕಲಿಸುವವರ ಸಂಬಳವನ್ನಾದರೋ ಪೂರ್ಣವಾಗಿ ಸರಕಾರದ ಹಣದಿಂದಲೇ ಕೊಡಬಹುದೆಂದು ೧೯೯೭ರ ಜುಲೈ ತಿಂಗಳಿಂದ ಅಪ್ಪಣೆಯಾಯಿತು. ಹೀಗೆ ಸಾವಿರಾರು ತರುಣರು ಮಕ್ಕಳ ಬಳಿಗೆ ಹೋದರು. ಇದಕ್ಕೆ ಮುಂಚೆಯೇ, ೧೯೯೩ರಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ ಜಂಪ್‌ಸ್ಟಾರ್ಟ್ ಎಂಬ ಸಂಘವು ಹುಟ್ಟಿ, ಇನ್ನೂ ಶಾಲೆಗೆ ಸೇರದ ಬಡಮಕ್ಕಳ ಬಳಿಗೆ ಕಾಲೇಜಿನವರನ್ನು ಕಳುಹಿಸಲಾರಂಭಿಸಿತ್ತು.

ಓದು ಕಲಿಸುವದು ತರಬೇತಿಯುಳ್ಳ ಉಪಾಧ್ಯಾಯರ ಕೆಲಸವಲ್ಲವೇ ಎಂದು ಕೆಲವರು ಕೇಳುವರು. ಇದು ನ್ಯಾಯವಾದ ಆಕ್ಷೇಪವೇ. ಅಕ್ಷರ ಕೂಡಿಸಲಾರದೆ ಕಷ್ಟಪಡುವ ಮಗುವನ್ನು ಏನೂ ತಿಳಿಯದ ತರುಣನ ಕೈಗೆ ಒಪ್ಪಿಸಿ ಸುಮ್ಮನಿರುವದು ಸರಿಯಲ್ಲ. ಆದರೆ ತರಗತಿಯಲ್ಲಿ ನಾಲ್ವತ್ತು ಮಕ್ಕಳು ಕೂತಿರುವಾಗ ಒಬ್ಬೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಓದಲು ಉಪಾಧ್ಯಾಯರಿಗೆ ಸಮಯವೆಲ್ಲಿ? ತರುಣನು ಕೊಡಬಹುದಾದದ್ದು ಆ ಸಮಯವನ್ನೇ.

ಇನ್ನು ಓದುವ ರೀತಿ. ೧೯೮೮ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ವೈಟ್‌ಹರ್ಸ್ಟ್ ಎಂಬ ಪಂಡಿತರೂ ಅವರ ಜತೆಗಾರರೂ ಎರಡು ವರುಷ ಪ್ರಾಯದ ಮಕ್ಕಳ ಹೆತ್ತವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಎಂದಿನಂತೆ ಚಿತ್ರಪುಸ್ತಕಗಳನ್ನು ಓದಿದರು. ಇನ್ನೊಂದು ಗುಂಪಿನವರು ನಡುನಡುವೆ ಪ್ರಶ್ನೆ ಕೇಳಿ, ಮಗುವು ಹೇಳಿದ್ದನ್ನು ಬೆಳೆಸುತ್ತಾ ಓದಿದರು. ಒಂದೇ ತಿಂಗಳಲ್ಲಿ ಈ ಎರಡನೆಯ ಗುಂಪಿನ ಮಕ್ಕಳು ಮಾತಿನಲ್ಲಿ ಮುಂದಾದರು.

ನಮ್ಮ ಮನೆಗಳಿಗೆ ಹೊಂದುವ ಒಂದು ಉದಾಹರಣೆಯನ್ನು ಕೊಡುತ್ತೇವೆ. ಪುಸ್ತಕದಲ್ಲಿ ಮರಿಗಳ ಸಂಗಡ ಒಂದು ಕೋಳಿಯ ಚಿತ್ರವಿದೆಯೆನ್ನಿರಿ. "ಇದೇನು, ಮಗಾ?" ಎಂದು ಕೇಳಿದರೆ "ಕೋಳಿ" ಎನ್ನುವದು. "ಹೌದು, ಕೆಂಪು ಕೋಳಿ. ಯಾಕೆ ರೆಕ್ಕೆ ಹರಡಿಕೊಂಡಿದೆ?" "ಹದ್ದು ಬಂತು." ಚಿತ್ರದಲ್ಲಿ ಹದ್ದೇ ಇಲ್ಲ! ಮಗುವು ತನ್ನ ಅಂಗಳದಲ್ಲಿ ಕಂಡದ್ದನ್ನು ಪುಸ್ತಕದೊಳಗೆ ತಂದಿದೆ. ಆಗ "ತಪ್ಪು" ಎಂದರೆ ಅದು ಬಾಯಿ ಮುಚ್ಚಿಕೊಳ್ಳುವದು. ನಾಳೆ ಪುಸ್ತಕ ಕಂಡರೆ ಓಡುವದು. "ಹದ್ದು ಬಂದದ್ದರಿಂದ ಕೋಳಿಯು ಮರಿಗಳನ್ನು ಅಡಗಿಸಿತು" ಎಂದು ಅದರ ಮಾತನ್ನು ತುಂಬಿಸಿ, ಅದರಿಂದಲೂ ಒಮ್ಮೆ ಹೇಳಿಸಬೇಕು. ಕಲಿತ ತರುಣರಿಗೆ ಇದು ಕಷ್ಟ, ಯಾಕಂದರೆ ಪರೀಕ್ಷೆಯಲ್ಲಿ ಬೆಳೆದವರಿಗೆ ಇತರರನ್ನೂ ಪರೀಕ್ಷಿಸುವ ಚಟವಿರುತ್ತದೆ.

ಮಗುವು ಅದೇ ಕಥೆಯನ್ನು ಹತ್ತು ಸಾರಿ ಕೇಳಿದರೂ ಬೇಸರಪಡಬಾರದು. ಪದಗಳು ಹಾಗೆಯೇ ಅದರ ಸ್ವಂತವಾಗುತ್ತವೆ. ಪುಸ್ತಕಕ್ಕೆ ಹಣವಿಲ್ಲದಿದ್ದರೆ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು ೨೦೧೫ರಲ್ಲಿ ತೆರೆದ ಸ್ಟೋರಿವೀವರ್ ಎಂಬ ತಾಣದಲ್ಲಿ ಕನ್ನಡ ಚಿತ್ರಕಥೆಗಳನ್ನು ಕ್ರಯವಿಲ್ಲದೆ ಮೊಬೈಲಿನಲ್ಲಿಯೇ ಓದಬಹುದು.

ರಜೆಯಲ್ಲಿ ಊರಿಗೆ ಬಂದ ತರುಣನು ಕಾಲೇಜು ತೆರೆದಾಗ ಹೋಗಲೇಬೇಕು. ಹೇಳದೆ ಹೋದರೆ ಮಗುವು ಜಗುಲಿಯಲ್ಲಿ ಕಾದು ಕೂತಿರುವದು. ಆದದರಿಂದ ಹೋಗುವ ದಿನವನ್ನು ಮುಂಚೆಯೇ ತಿಳಿಸಿ, ಕೂಡಿ ಓದಿದ ಒಂದು ಪುಸ್ತಕವನ್ನು ಅದರ ಕೈಯಲ್ಲಿ ಬಿಟ್ಟು, ಪ್ರಶ್ನೆ ಕೇಳುವ ರೀತಿಯನ್ನು ಅಕ್ಕನಿಗೋ ಅಜ್ಜಿಗೋ ತೋರಿಸಿ ಹೋಗಲಿ. ಅಜ್ಜಿಗೆ ಓದು ಬಾರದಿದ್ದರೂ ಚಿತ್ರ ನೋಡಿ ಕೇಳುವದಕ್ಕೆ ಅಡ್ಡಿಯಿಲ್ಲ.