ಊರಿನ ದುಡ್ಡು, ಊರಿನ ಮತ



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನೀವು ಸುಮ್ಮನೆ ದುಡ್ಡು ಎಣಿಸುವುದಿಲ್ಲ. ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತೀರಿ. ಐದು ವರ್ಷ ಊರಿನ ಹಣ ಖರ್ಚು ಮಾಡುವವರನ್ನು ಆರಿಸುವಾಗ ಮಾತ್ರ ಯಾರ ಪೈಕಿ, ಯಾವ ಕೇರಿ ಎಂದಷ್ಟೇ ವಿಚಾರಿಸುತ್ತೇವೆ. ಯಾರಿಗೆ ಮತ ಕೊಡಬೇಕೆಂದು ಹೇಳುವುದು ಗ್ರಾಮಸೇವಕನ ಕೆಲಸವಲ್ಲ, ಹೇಳಲೂ ಕೂಡದು. ಏನನ್ನು ನೋಡಬೇಕೆಂಬುದನ್ನು ಹೇಳಬಹುದು.

ಪಂಚಾಯಿತಿಗೂ ಮಿತವ್ಯಯಕ್ಕೂ ಹಳೆಯ ನಂಟುಂಟು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಅದರ ಹಣ ಮಿತವಾಗಿಯೂ ಸಾರ್ಥಕವಾಗಿಯೂ ಖರ್ಚಾಗುತ್ತಿದೆಯೇ ಎಂದು ನೋಡಲು 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿಯನ್ನು ನೇಮಿಸಿದರು. ಅಭಿವೃದ್ಧಿ ಕೆಲಸವನ್ನು ಜನರಿಂದ ಚುನಾಯಿತವಾದ ಸಂಸ್ಥೆಗಳಿಗೆ ವಹಿಸಿರಿ ಎಂದು ಆ ಸಮಿತಿ ಸಲಹೆ ಮಾಡಿತು.

ಪೋಲು ಎಂದರೇನು? ಒಂದು ಲೆಕ್ಕ ಹಾಕಿ ನೋಡಿರಿ. ನಿಮ್ಮ ಬೀದಿಗೆ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆ ಮಂಜೂರಾಗಿದೆ ಎನ್ನೋಣ. ಅದಕ್ಕೆ 45 ಘನ ಮೀಟರ್ ಕಾಂಕ್ರೀಟ್ ಬೇಕು. ದಪ್ಪವನ್ನು 10 ಸೆಂಟಿಮೀಟರಿಗೆ ಇಳಿಸಿದರೆ 30 ಘನ ಮೀಟರ್ ಸಾಕು. ಮೂರರಲ್ಲೊಂದು ಪಾಲು ಮಾಯ! ಮೇಲಿನಿಂದ ನೋಡಿದರೆ ಎರಡು ರಸ್ತೆಗಳೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಕಬ್ಬಿನ ಟ್ರ್ಯಾಕ್ಟರುಗಳು ಓಡಾಡತೊಡಗಿದ ಮೇಲೆ. ಆದುದರಿಂದ ಕಾಂಕ್ರೀಟ್ ಹಾಕುವ ದಿನವೇ ಅಂಚಿನಲ್ಲಿ ಟೇಪು ಹಿಡಿದು ನೋಡಬೇಕು. ಕಳ್ಳತನವಿಲ್ಲದ ಪೋಲೂ ಉಂಟು. ಕೊಳವೆಬಾವಿಯಲ್ಲಿ ನೀರು ಬಿದ್ದಿದೆಯೇ ಎಂದು ನೋಡದೆ ಟ್ಯಾಂಕು ಕಟ್ಟಿಸಿದರೆ, ಬಿಲ್ಲಿನ ಪ್ರತಿ ರೂಪಾಯಿಯೂ ಸರಿಯಿದ್ದರೂ ಅಷ್ಟೂ ನಷ್ಟವೇ.

ಈಗ ಪಂಚಾಯಿತಿಗೆ ಇಬ್ಬರು ನಿಂತಿದ್ದಾರೆ ಎನ್ನಿ. ಒಬ್ಬಾತ ಚುರುಕು. ತಾಲ್ಲೂಕು ಕಚೇರಿಗಳನ್ನು ಸುತ್ತಿ ಕೆಲಸ ತರುತ್ತಾನೆ, ಲೆಕ್ಕ ಕೇಳಿದರೆ ಸಿಡುಕುತ್ತಾನೆ. ಇನ್ನೊಬ್ಬಾಕೆಗೆ ಓಡಾಟ ಸಾಲದು, ಆದರೆ ಕೇಳಿದ ಕಾಗದವನ್ನು ತಂದು ಮುಂದಿಡುತ್ತಾಳೆ. ಇಬ್ಬರೂ ಅಷ್ಟಕ್ಕಷ್ಟೇ ಎಂದು ನೀವು ಮನೆಯಲ್ಲಿ ಕುಳಿತರೆ, ಉಳಿದವರ ಮತದಿಂದ ಅವರಲ್ಲೊಬ್ಬರು ಗೆದ್ದೇ ಗೆಲ್ಲುತ್ತಾರೆ. ವಿಧಾನಸಭೆ, ಲೋಕಸಭೆಗಳ ಚುನಾವಣೆಯಲ್ಲಿ 2013ರಿಂದ 'ನೋಟಾ' ಗುಂಡಿ ಇದೆ. ಅದನ್ನು ಎಷ್ಟು ಜನ ಒತ್ತಿದರೂ, ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆದ್ದಂತೆ.

ಯಾರಲ್ಲಿ ಕೊರತೆಯಿಲ್ಲ ಎಂದು ಹುಡುಕುವುದು ವ್ಯರ್ಥ. ಯಾರ ಕೊರತೆಯನ್ನು ಊರಿನವರು ತುಂಬಿಕೊಳ್ಳಬಹುದು ಎಂದು ನೋಡಿರಿ. ನಿಧಾನದವರ ಬೆನ್ನು ಹತ್ತಿ ಕೆಲಸ ಮಾಡಿಸಬಹುದು. ಲೆಕ್ಕವನ್ನೇ ಮುಚ್ಚಿಡುವವರನ್ನು ತಿದ್ದುವುದು ಹೇಗೆ? (ಹಾಗೆಂದು ಮೆತ್ತಗೆ ಮಾತಾಡುವವರೆಲ್ಲ ಪ್ರಾಮಾಣಿಕರೆಂದಲ್ಲ. ಹಿಂದೆ ಸಂಘದ್ದೋ ದೇವಸ್ಥಾನದ್ದೋ ಹಣ ಅವರ ಕೈಯಲ್ಲಿದ್ದಾಗ ಲೆಕ್ಕ ಒಪ್ಪಿಸಿದ್ದರೇ ಎಂದು ವಿಚಾರಿಸಿರಿ.)

ಮತ ಹಾಕಿದ ಮೇಲೆ ಗ್ರಾಮಸಭೆ ಇದ್ದೇ ಇದೆ. ಅಲ್ಲಿಗೆ ಹೋಗುವಾಗ ನಿಮ್ಮ ಬೀದಿಯ ಒಂದೇ ಒಂದು ಕಾಮಗಾರಿಯ ಹೆಸರನ್ನು ಬರೆದುಕೊಂಡು ಹೋಗಿರಿ. ಅಂದಾಜು ಎಷ್ಟು, ಅಳತೆ ಪುಸ್ತಕದಲ್ಲಿ ಎಷ್ಟು ಬರೆದಿದ್ದಾರೆ, ಹಣ ಎಷ್ಟು ಕೊಟ್ಟಿದ್ದಾರೆ ಎಂದು ಕೇಳಿರಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಂತೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಡಿರಿ. 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೂ ಸಾಕು, ಅದನ್ನು ಬರವಣಿಗೆಗೆ ಇಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯವೆಂದು ಆ ಕಾಯಿದೆಯಲ್ಲೇ ಇದೆ.