ಎಂಟು ಊರು, ಒಂದು ಸಾಲಪತ್ರ

ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಆ ನೀರು ಮನೆ ತನಕ ಬರಲು ನೆಲದೊಳಗೆ ಕೊಳವೆ ಹಾಕಬೇಕು. ಟ್ಯಾಂಕು ಕಟ್ಟಬೇಕು. ಹಳೆಯ ಕೊಳವೆ ಒಡೆದರೆ ಬದಲಾಯಿಸಬೇಕು. ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಕು. ಬರೀ ಮನೆಗಂದಾಯದಿಂದ ಅಷ್ಟು ಹಣ ಹೊಂದದು. ಹಾಗಾದರೆ ಹಣ ಎಲ್ಲಿಂದ ತರೋದು?

ಸಾಲ ತರುವ ಒಂದು ದಾರಿ ಬಾಂಡು. ಬಾಂಡು ಅಂದರೆ ಸಾಲಪತ್ರ. “ಇಷ್ಟು ಹಣ ಪಡೆದಿದ್ದೇವೆ. ವರ್ಷಕ್ಕೆ ಇಷ್ಟು ಬಡ್ಡಿ ಕೊಡುತ್ತೇವೆ. ಇಷ್ಟು ವರ್ಷದೊಳಗೆ ಅಸಲು ತೀರಿಸುತ್ತೇವೆ” ಅಂತ ಅದರಲ್ಲಿ ಬರೆದಿರುತ್ತದೆ. ಬ್ಯಾಂಕುಗಳು, ಹಣವುಳ್ಳವರು ಅದನ್ನು ಕೊಳ್ಳುತ್ತಾರೆ.

1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡು ಹೊರಡಿಸಿತು. ರಾಜ್ಯ ಸರ್ಕಾರ ಜಾಮೀನು ನಿಂತಿತು. ದೊಡ್ಡ ಪಾಲಿಕೆಗೆ ಸಾಲ ಹುಟ್ಟಿತು. ಸಣ್ಣ ಊರುಗಳ ಗತಿ ಏನು?

ಬೆಂಗಳೂರಿನ ಅಂಚಿನಲ್ಲಿ ಎಂಟು ಊರುಗಳಿದ್ದವು. ಯಲಹಂಕ, ಕೆಂಗೇರಿ, ಬೊಮ್ಮನಹಳ್ಳಿ, ದಾಸರಹಳ್ಳಿ, ಮಹದೇವಪುರ, ಕೃಷ್ಣರಾಜಪುರ, ಬ್ಯಾಟರಾಯನಪುರ, ರಾಜರಾಜೇಶ್ವರಿ ನಗರ. ಒಂದೊಂದೇ ಊರು ಹೋದರೆ ಸಾಲ ಹುಟ್ಟುವುದು ಕಷ್ಟ.

ನಮ್ಮ ಮಹಿಳಾ ಸಂಘ ನೆನಪು ಮಾಡಿಕೊಳ್ಳಿ. ಒಬ್ಬಳೇ ಹೋದರೆ ಬ್ಯಾಂಕಿನವರು ಹಿಂದೆ ಮುಂದೆ ನೋಡುತ್ತಾರೆ. ಹದಿನೈದು ಜನ ಸಂಘ ಕಟ್ಟಿ ಹೋದರೆ ಸಾಲ ಸಿಗುತ್ತದೆ. ಇಲ್ಲೂ ಹಾಗೇ ಆಯಿತು. ರಾಜ್ಯ ಸರ್ಕಾರ ಎಲ್ಲ ಊರುಗಳಿಗೂ ಸೇರಿ ಒಂದು ನಿಧಿ ಮಾಡಿತು. ಆ ನಿಧಿ 2005ರಲ್ಲಿ 100 ಕೋಟಿ ರೂಪಾಯಿಯ ಬಾಂಡು ಹೊರಡಿಸಿತು. ಕಾವೇರಿ ನೀರು ಹಂಚುವ ಕೊಳವೆ ಹಾಕಲು ಈ ಹಣ. ಸರ್ಕಾರವೂ ಹಣ ಹಾಕಿತು. ಜನರೂ ತಮ್ಮ ನಿವೇಶನದ ಅಳತೆಗೆ ತಕ್ಕಂತೆ ವಂತಿಗೆ ಕಟ್ಟಿದರು.

2007ರಲ್ಲಿ ಈ ಎಂಟೂ ಊರು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಊರಿನ ನಗರಸಭೆ ಹೋಯಿತು. ಸಾಲ ಮಾತ್ರ ಹೋಗಲಿಲ್ಲ. ಇನ್ನೊಂದು ಮಾತು. ಕೊಳವೆ ಬಂದ ಕೂಡಲೇ ನೀರು ಬರಲಿಲ್ಲ. ಕಾವೇರಿಯಿಂದ ಹೆಚ್ಚು ನೀರು ತರುವ ಕೆಲಸ ಬೇರೆ ಇತ್ತು. ಹಣ ಕಟ್ಟಿದ ಎಷ್ಟೋ ಮನೆಯವರು ವರ್ಷಗಟ್ಟಲೆ ಕಾದರು.

ಇದರಿಂದ ನಾವು ಕಲಿಯೋದು ಏನು? ಬಾಂಡು ದಾನ ಅಲ್ಲ, ಸಾಲ. ನಾವು ಕಟ್ಟುವ ಕಂದಾಯ, ನೀರಿನ ಬಿಲ್ಲು, ತೆರಿಗೆಯಿಂದಲೇ ಅದು ತೀರಬೇಕು. ಸಾಲ ಮಾಡುವುದು ತಪ್ಪಲ್ಲ. ಕೊಳವೆ ಮೂವತ್ತು ನಲವತ್ತು ವರ್ಷ ಬಾಳುತ್ತದೆ. ನಮ್ಮ ಮಕ್ಕಳೂ ಅದರ ನೀರು ಕುಡಿಯುತ್ತಾರೆ. ಅದರ ಖರ್ಚನ್ನು ಹಲವು ವರ್ಷಕ್ಕೆ ಹಂಚಿಕೊಳ್ಳುವುದು ನ್ಯಾಯವೇ. ಆದರೆ ಲೆಕ್ಕ ಕೇಳದೆ ಇರುವುದು ತಪ್ಪು. ನಿಮ್ಮ ಊರಿಗೂ ಇಂಥ ಕೆಲಸ ಬಂದರೆ ಸಭೆಯಲ್ಲಿ ಎದ್ದು ನಿಂತು ಕೇಳಿ. ಸಾಲ ಎಷ್ಟು? ತೀರಿಸೋರು ಯಾರು? ಕೊಳವೆಗೆ ನೀರು ಎಲ್ಲಿಂದ, ಯಾವಾಗ ಬರುತ್ತೆ?

ಹೊಸ ಪದಗಳು
ಅಸಲು – ಸಾಲವಾಗಿ ಪಡೆದ ಮೂಲ ಹಣ
ಜಾಮೀನು – ಸಾಲಕ್ಕೆ ಕೊಡುವ ಹೊಣೆ
ವಂತಿಗೆ – ಒಂದು ಕೆಲಸಕ್ಕೆ ಎಲ್ಲರೂ ಕೊಡುವ ಪಾಲು

ಲೆಕ್ಕ ಮಾಡಿ
100 ರೂಪಾಯಿಗೆ ವರ್ಷಕ್ಕೆ 6 ರೂಪಾಯಿ ಬಡ್ಡಿ ಆದರೆ, 1 ಲಕ್ಷ ರೂಪಾಯಿಗೆ ವರ್ಷದ ಬಡ್ಡಿ ಎಷ್ಟು? 1 ಕೋಟಿಗೆ ಎಷ್ಟು?

ಮಾತಾಡೋಣ
ನಿಮ್ಮ ಊರಿನ ನೀರಿನ ಟ್ಯಾಂಕು ಯಾವಾಗ ಕಟ್ಟಿದ್ದು? ಹಣ ಯಾರು ಕೊಟ್ಟರು? ಹಿರಿಯರನ್ನು ಕೇಳಿ ಬರೆಯಿರಿ.